ಮನೆ ಬಿಡೋ ತೀರ್ಮಾನ ಬಿಸಿಲಿರುವಾಗಲೇ ಆಗ್ಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಮೇ ತಿಂಗಳು ಮುಗಿಯೋ ಹೊತ್ತಿಗೆ ನಿಮ್ಮ ಪತ್ರಿಕೇಲೂ ಬೇರೆ ಪತ್ರಿಕೆಗಳಲ್ಲೂ ಒಂದು ಸುದ್ದಿ ಬಂದೇ ಬರುತ್ತೆ, ಮಳೆಗಾಲ ಎದುರಿಸೋಕೆ ಜಿಲ್ಲಾಡಳಿತ ಸಜ್ಜು ಅಂತ. ಎಷ್ಟು ಕಾಳಜಿ ಕೇಂದ್ರ ಗುರುತಿಸಿದ್ದಾರೆ, ಎಷ್ಟು ಬೋಟು ಎಷ್ಟು ಜೆಸಿಬಿ ರೆಡಿ ಇದೆ, ಎನ್‌ಡಿಆರ್‌ಎಫ್ ತಂಡ ಯಾವಾಗ ಬರುತ್ತೆ ಎಲ್ಲಾ ಇರುತ್ತೆ. ಅದು ಬೇಕೇ ಬೇಕು, ನಾನು ಬೇಡ ಅನ್ನಲ್ಲ. ಆದ್ರೆ ಒಂದು ಮನೆ ಹೇಗೆ ಸಜ್ಜಾಗ್ಬೇಕು ಅನ್ನೋದು ಎಲ್ಲೂ ಬರಲ್ಲ, ಮಳೆ ಜೋರಾದ ಮೊದಲ ನಾಲ್ಕೈದು ಗಂಟೆ ಯಾವ ತಂಡಾನೂ ನಮ್ಮ ಅಂಗಳಕ್ಕೆ ಬರೋಕಾಗಲ್ಲ, ರಸ್ತೆನೇ ಇರಲ್ಲ, ಆ ಹೊತ್ತಲ್ಲಿ ಮನೆಯವರೇ ಮನೆಯವರಿಗೆ ದಿಕ್ಕು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿ ಹಾಕದೆ ಹಾಕಿ.

ನಮ್ಮದು ಮಡಿಕೇರಿ ತಾಲೂಕು, ಮಕ್ಕಂದೂರಿನ ಕಡೆ. ಮೂರು ಎಕರೆ ಕಾಫಿ, ಮಧ್ಯೆ ಒಂದಷ್ಟು ಮೆಣಸು, ಎರಡು ಹಸು. 2018ರ ಆಗಸ್ಟಲ್ಲಿ ನಮ್ಮ ಕಡೆ ಏನಾಯ್ತು ಅಂತ ರಾಜ್ಯಕ್ಕೇ ಗೊತ್ತು. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಮೊಣ್ಣಂಗೇರಿ, ಜೋಡುಪಾಲ, ಒಂದೇ ಎರಡು ದಿನದಲ್ಲಿ ಬೆಟ್ಟಗಳೇ ಇಳಿದು ಬಂದ್ವು, ಇಪ್ಪತ್ತರ ಹತ್ತಿರ ಜನ ಹೋದ್ರು, ಸಾವಿರಾರು ಜನ ಕೇಂದ್ರಗಳಲ್ಲಿ ಮಲಗಿದ್ರು, ಮಡಿಕೇರಿ ಸಂಪಾಜೆ ರಸ್ತೆ ಎಷ್ಟೋ ದಿನ ಬಂದ್ ಆಗಿತ್ತು. ಅದನ್ನ ಮತ್ತೆ ವಿವರಿಸೋಕೆ ನಾನು ಬರೀತಾ ಇಲ್ಲ. ನಮ್ಮ ಮನೇಲಿ ಆ ಎರಡು ದಿನ ಹೇಗೆ ಹೋಯ್ತು ಅನ್ನೋದನ್ನ ಮಾತ್ರ ಹೇಳ್ತೀನಿ.

ಆಗಸ್ಟ್ 15ರ ಬೆಳಿಗ್ಗೆ ಅಡುಗೆಮನೆ ಹಿಂಬಾಗಿಲು ಹಾಕೋಕೆ ಆಗ್ಲಿಲ್ಲ. ಮಲೆನಾಡಲ್ಲಿ ಮಳೆಗಾಲಕ್ಕೆ ಬಾಗಿಲು ಉಬ್ಬೋದು ಮಾಮೂಲಿ, ಮರ ನೀರು ಕುಡಿದಿದೆ ಅಂದ್ರು ಮಾವ, ನಮ್ಮೆಜಮಾನ್ರು ಕೂತು ಬಾಗಿಲ ಅಂಚು ಕೀಸಿದ್ರು. ಮಧ್ಯಾಹ್ನ ಅದು ಮತ್ತೆ ಕಚ್ಕೊಳ್ತು, ಮತ್ತೆ ಕೀಸಿದ್ರು. ಬಾಗಿಲು ಉಬ್ಬಿದ್ದಲ್ಲ, ಹಿಂದಿನ ಬರೆ, ಅಂದ್ರೆ ಇಳಿಜಾರು ಕಡಿದಾಗ ಉಳಿದ ಮಣ್ಣಿನ ದಿಬ್ಬ, ಮನೆ ಗೋಡೆಯನ್ನ ತಳ್ತಾ ಇತ್ತು ಅಂತ ನಮಗೆ ಗೊತ್ತಾಗಿದ್ದು ಆಮೇಲೆ. 16ರ ಬೆಳಿಗ್ಗೆ ಬೆಟ್ಟದಿಂದ ಪೈಪಲ್ಲಿ ಬರೋ ನೀರು ಕೆಮ್ಮಣ್ಣು ಬಣ್ಣಕ್ಕೆ ತಿರುಗಿತು, ಎಷ್ಟೇ ಮಳೆ ಬಂದ್ರೂ ನಮ್ಮ ಆ ಒರತೆ ಕೆಡ್ತಿರ್ಲಿಲ್ಲ, ಅವತ್ತು ಕೆಟ್ಟಿತ್ತು. ಮೂರು ಗಂಟೆ ಹೊತ್ತಿಗೆ ಕಾಫಿ ಕಣದಲ್ಲಿ ಒಂದು ಬಿರುಕು, ಬೆರಳು ಹೋಗುವಷ್ಟು, ಈ ಕಡೆಯಿಂದ ಆ ಕಡೆಗೆ ಎಳೆದ ಹಾಗೆ. ಅದರೊಳಗೆ ನೀರು ಇಳೀತಾ ಇತ್ತು, ಎಲ್ಲಿಗೆ ಹೋಗ್ತಾ ಇದೆ ಅಂತ ಗೊತ್ತಿಲ್ಲ.

ಆಗಲಾದ್ರೂ ಹೊರಟ್ವಾ ಅಂದ್ರೆ ಇಲ್ಲ. ಮೂರು ಗಂಟೆಯಿಂದ ಏಳೂವರೆವರೆಗೆ ನಾವು ಮಾತಾಡಿದ್ದೇ ಮಾತಾಡಿದ್ದು. ಮಾವ ಬರಲ್ಲ ಅಂದ್ರು, ಅವರಪ್ಪ ಕಟ್ಟಿದ ಮನೆ, ಇಂಥ ಎಷ್ಟೋ ಮಳೆ ಕಂಡಿದೆ ಅಂದ್ರು. ಹಸು ಯಾರು ನೋಡ್ಕೊಳ್ತಾರೆ ಅನ್ನೋದು ಅತ್ತೆ. ಹೋಗೋದಾದ್ರೆ ಎಲ್ಲಿಗೆ, ಯಾರ ಮನೆಗೆ, ಅವರಿಗೆ ತೊಂದ್ರೆ ಅಲ್ವಾ, ಫೋನ್ ಬೇರೆ ಸತ್ತಿದೆ ಕೇಳೋದು ಹೇಗೆ. ಕರೆಂಟ್ ಹೋಗಿ ಐದು ದಿನ ಆಗಿತ್ತು. ಕೊನೆಗೆ ಮೇಲ್ಗಡೆ ಎಲ್ಲೋ ಗುಡುಗಿನ ಹಾಗೆ ಸದ್ದು ಬಂತು, ಗುಡುಗಲ್ಲ, ನೆಲದಿಂದ ಬಂದ ಸದ್ದು ಅದು, ಆಗ ಎದ್ವಿ. ಕೊಟ್ಟಿಗೇಲಿ ಹಸು ಬಿಡೋಕೆ ಹೋದ್ರೆ ನೆಂದ ಹುರಿ ಗಂಟು ಬಿಚ್ಚೋಕೇ ಆಗ್ತಿಲ್ಲ, ಕತ್ತೀಲಿ ಕಡಿದು ಬಿಟ್ರು ನಮ್ಮವರು. ನಾನು ಗಾಬರೀಲಿ ಎತ್ಕೊಂಡ ಬ್ಯಾಗಲ್ಲಿ ಇದ್ದಿದ್ದು ಇಸ್ತ್ರಿ ಮಾಡಿಟ್ಟ ಬಟ್ಟೆ. ಅತ್ತೆಯ ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲೇ ಉಳೀತು. ಪಹಣಿ, ಕ್ರಯಪತ್ರ, ರೇಷನ್ ಕಾರ್ಡು, ಮಗಳ ಮಾರ್ಕ್ಸ್ ಕಾರ್ಡು ಎಲ್ಲಾ ಇದ್ದ ಟ್ರಂಕು ಒಳಗಿನ ಕೋಣೇಲಿ. ಒಂದೇ ಟಾರ್ಚಲ್ಲಿ ಐದು ಜನ ಜಿಗಣೆ, ಕೆಸರು ಏನೂ ನೋಡದೆ ಗುಡ್ಡದ ಮೇಲಿನ ನೆಂಟರ ಮನೆಗೆ ನಡೆದ್ವಿ, ಬೆಳಗಾದ ಮೇಲೆ ಅಲ್ಲಿಂದ ಶಾಲೆಗೆ. ನಮ್ಮ ಅಡುಗೆಮನೆ ಬೆಳಗಾಗೋದ್ರೊಳಗೆ ಬರೆ ಕೆಳಗೆ ಹೋಗಿತ್ತು.

ಜೀವ ಉಳೀತು, ದೇವರು ದೊಡ್ಡವನು. ಆದ್ರೆ ಸಂಪಾದಕರೇ, ನಾವು ಉಳಿದಿದ್ದು ತಯಾರಿಯಿಂದ ಅಲ್ಲ. ನಾಲ್ಕೂವರೆ ಗಂಟೆ ವಾದ ಮಾಡ್ಕೊಂಡು ಕೂತ ಮನೆಗೆ ಬೆಟ್ಟ ಟೈಮ್ ಕೊಡ್ತು ಅಷ್ಟೇ. ಎಲ್ಲರ ಮನೆಗೂ ಕೊಡ್ಲಿಲ್ಲ. 2019ರಲ್ಲಿ ನಮ್ಮ ಜಿಲ್ಲೆಯದೇ ತೋರ ಅನ್ನೋ ಊರಲ್ಲಿ ಕೊಡ್ಲಿಲ್ಲ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟದ ಕೆಳಗೆ ಕೊಡ್ಲಿಲ್ಲ, 2024ರ ಜುಲೈ 30ರ ನಸುಕಲ್ಲಿ ಪಕ್ಕದ ವಯನಾಡಿನ ಮುಂಡಕ್ಕೈ ಚೂರಲ್‌ಮಲದಲ್ಲಿ ಇನ್ನೂರಕ್ಕಿಂತ ಹೆಚ್ಚು ಜನ ಮಲಗಿದ್ದಲ್ಲೇ ಹೋದ್ರು. ನನ್ನ ಮಾತು ಇಷ್ಟೇ, ಮನೆ ಬಿಡ್ಬೇಕಾ ಬೇಡ್ವಾ ಅನ್ನೋ ತೀರ್ಮಾನ ಮಳೆ ಸುರೀತಿರೋ ರಾತ್ರಿ ಮಾಡೋದಲ್ಲ, ಅದನ್ನ ಮೇ ತಿಂಗಳ ಬಿಸಿಲಲ್ಲಿ, ಎಲ್ಲರ ತಲೆ ನೆಟ್ಟಗಿರುವಾಗ, ಹಿರಿಯರನ್ನ ಕೂರಿಸ್ಕೊಂಡು ಮಾಡಿಟ್ಟಿರ್ಬೇಕು.

ತಯಾರಿ ಅನ್ನೋದು ನಮಗೇನು ಹೊಸದಲ್ಲ. ಮಳೆಗಾಲಕ್ಕೆ ಮಲೆನಾಡಿನ ಹೆಂಗಸರು ಎಷ್ಟು ತಯಾರಿ ಮಾಡ್ತಾರೆ ಅಂತ ಹೊರಗಿನವರಿಗೆ ಗೊತ್ತಿಲ್ಲ. ಸೌದೆ ಒಡೆದು ಅಟ್ಟಕ್ಕೆ ಹಾಕೋದು, ಹಪ್ಪಳ ಸಂಡಿಗೆ ಒಣಗಿಸೋದು, ಮಿಡಿ ಉಪ್ಪಿನಕಾಯಿ, ಹಲಸಿನ ಬೀಜಕ್ಕೆ ಮಣ್ಣು ಹಚ್ಚಿ ಇಡೋದು, ಒಣಮೀನು, ಹೆಂಚು ತಿರುವಿ ಹಾಕಿಸೋದು, ಮನೆ ಸುತ್ತ ಕಣಿ ಬಿಡಿಸೋದು. ನಮ್ಮತ್ತೆ ಮಳೆ ಹಿಡಿದ್ರೆ ತಿಂಗಳುಗಟ್ಟಲೆ ಪೇಟೆಗೆ ಹೋಗದೆ ಮನೆ ನಡೆಸಿದವರು. ಆದ್ರೆ ಆ ತಯಾರಿ ಪೂರ್ತಿ ಮನೆ ಒಳಗೆ ಇರೋಕೆ ಮಾಡೋ ತಯಾರಿ. ಮನೆ ಬಿಟ್ಟು ಹೊರಡೋಕೆ ನಮ್ಮ ಹಿರಿಯರು ತಯಾರಿ ಮಾಡ್ಲಿಲ್ಲ, ಅವರಿಗೆ ಬೇಕಾಗಿರ್ಲಿಲ್ಲ, ಅವರು ಬರೆ ಕಡಿದು ಮನೆ ಕಟ್ತಿರ್ಲಿಲ್ಲ. ಈಗ ಜೆಸಿಬಿ ತಂದು ಇಳಿಜಾರನ್ನ ನೇರ ಗೋಡೆ ಹಾಗೆ ಕೊರೆದು ಸೈಟ್ ಮಾಡ್ತೀವಿ, 2018ರ ನಂತರ ಬಂದು ನೋಡಿದ ಭೂಗರ್ಭ ಶಾಸ್ತ್ರದವರೂ ಮಳೆ ಜೊತೆಗೆ ಹೀಗೆ ಇಳಿಜಾರು ಕಡಿದಿದ್ದೂ ಕಾರಣ ಅಂತ ಹೇಳಿದ್ರು. ನಮ್ಮದೇ ಅಡುಗೆಮನೆ ನಮ್ಮ ಮಾವ ಹಿಂದಕ್ಕೆ ಬೆಳೆಸಿದ್ದು, ಹಳೇ ಮನೆ ಭಾಗ ಈಗಲೂ ನಿಂತಿದೆ.

ಹಾಗಾಗಿ ನಾವು ಈಗ ಏನು ಮಾಡ್ತೀವಿ ಅಂತ ಹೇಳ್ತೀನಿ, ಯಾರಿಗಾದ್ರೂ ಉಪಯೋಗ ಆಗ್ಬಹುದು.

ಎಲ್ಲಕ್ಕಿಂತ ಮುಖ್ಯ ಮಾವನ ನೋಟ್‌ಬುಕ್. ನಮ್ಮ ಕಡೆ ತೋಟದವರ ಮನೇಲಿ ಮಳೆ ಅಳೆಯೋ ಮಾಪಕ ಇರುತ್ತೆ, ಬೆಳಿಗ್ಗೆ ಎದ್ದು ನೋಡಿ ಇಷ್ಟು ಇಂಚು ಇಷ್ಟು ಸೆಂಟು ಅಂತ ಬರ್ಕೊಳ್ತಾರೆ, ಇಂಚಿನ ನೂರರಲ್ಲೊಂದು ಭಾಗ ಒಂದು ಸೆಂಟು. ಇದು ಹೂಮಳೆಗೆ, ಅಂದ್ರೆ ಕಾಫಿ ಹೂ ಅರಳಿಸೋ ಮಳೆಗೆ, ಮತ್ತೆ ಗೊಬ್ಬರಕ್ಕೆ ಅಂತ ಇಟ್ಟ ಲೆಕ್ಕ. ಈಗ ನಮ್ಮ ಮನೇಲಿ ಅದೇ ಮನೆ ಬಿಡೋ ಲೆಕ್ಕ. ಒಂದು ಭಾನುವಾರ ಕೂತು ಮಾವನೇ ಬರೆದಿದ್ದಾರೆ, ಒಂದೇ ದಿನ ಐದು ಇಂಚು ದಾಟಿ ಮಾರನೇ ದಿನವೂ ಬಿಡದಿದ್ರೆ ಅತ್ತೆ ಮಾವ ಮಗಳು ಪಿರಿಯಾಪಟ್ಟಣದ ನಾದಿನಿ ಮನೆಗೆ, ಮಾತಿಲ್ಲ. ಇದು ನಮ್ಮ ಮನೆಯ ಲೆಕ್ಕ, ವಿಜ್ಞಾನಿಗಳು ಹೇಳಿದ್ದಲ್ಲ, ನಿಮ್ಮ ಜಾಗಕ್ಕೆ ನಿಮ್ಮ ಲೆಕ್ಕ ನೀವೇ ಇಡ್ಬೇಕು. ಅದರ ಕೆಳಗೆ ಇನ್ನೊಂದು ಸಾಲು, ಇಂಚು ಎಷ್ಟೇ ಇರ್ಲಿ, ನೆಲದಲ್ಲಿ ಹೊಸ ಬಿರುಕು ಬಿಟ್ರೆ, ಒರತೆ ನೀರು ಕೆಂಪಾದ್ರೆ ಅಥವಾ ಇಲ್ಲದ ಕಡೆ ನೀರು ಎದ್ರೆ, ಹರೀತಿದ್ದ ತೋಡು ಇದ್ದಕ್ಕಿದ್ದ ಹಾಗೆ ಕಮ್ಮಿ ಆದ್ರೆ, ಮರ ಕಂಬ ವಾಲಿದ್ರೆ, ಬಾಗಿಲು ಕಿಟಕಿ ಕಚ್ಕೊಂಡ್ರೆ, ಆ ಕ್ಷಣ ಎಲ್ಲರೂ ಹೊರಗೆ. ಬರೆದಿದ್ದು ಮಾವನ ಕೈ ಅಕ್ಷರ ಆದ್ದರಿಂದ ಈಗ ಅವರೇ ಮೊದಲು ಚಪ್ಪಲಿ ಹಾಕ್ತಾರೆ. 2019ರಲ್ಲೂ 2020ರಲ್ಲೂ ಒಂದೊಂದು ಸಲ ಹೋಗಿ ಬಂದ್ರು, ಎರಡು ಸಲವೂ ಮನೆಗೆ ಏನೂ ಆಗ್ಲಿಲ್ಲ, ಸುಮ್ನೆ ಹೋಗಿದ್ದು ಅಂತ ಯಾರೂ ಬೇಜಾರು ಮಾಡ್ಕೊಳ್ಲಿಲ್ಲ, ನಾದಿನಿ ಮನೇಲಿ ನಾಲ್ಕು ದಿನ ಇದ್ದು ಬಂದ್ರು.

ಹೋಗೋ ಜಾಗ ಯಾವುದು ಅನ್ನೋದೂ ಯೋಚನೆ ಮಾಡ್ಬೇಕು. ನಾವು ಮೊದಲು ಕುಶಾಲನಗರ ಅಂದ್ಕೊಂಡಿದ್ವಿ, ಆದ್ರೆ ಅಲ್ಲಿ ಕಾವೇರಿ ಪಕ್ಕದ ಲೇಔಟುಗಳಿಗೇ ನೀರು ನುಗ್ಗಿದ್ದು ಕಣ್ಣಾರೆ ನೋಡಿದ್ವಿ. ಬೆಟ್ಟದಿಂದ ತಪ್ಪಿಸ್ಕೊಂಡು ಹೊಳೆ ಬಾಯಿಗೆ ಹೋದ ಹಾಗಾಗ್ಬಾರದು. ರಸ್ತೆ ಬಂದ್ ಆದ್ರೆ ಅನ್ನೋದಕ್ಕೆ ಹತ್ತಿರದಲ್ಲೇ ನಡೆದು ಹೋಗೋ ಇನ್ನೊಂದು ಜಾಗ, ಗುಡ್ಡದ ಮೇಲಿನ ಅದೇ ನೆಂಟರ ಮನೆ, ಅವರಿಗೂ ಹೇಳಿಟ್ಟಿದ್ದೀವಿ. ಮೇ ಕೊನೇ ಭಾನುವಾರ ರಾತ್ರಿ ಊಟ ಆದ್ಮೇಲೆ ದೀಪ ಆರಿಸಿ ಒಂದ್ಸಲ ನಡೆದು ನೋಡ್ತೀವಿ. ಮೊದಲನೇ ವರ್ಷ ಮನೆ ಬಿಡೋಕೇ ಅರ್ಧ ಗಂಟೆ ಆಗಿತ್ತು, ಈಗ ಹತ್ತು ನಿಮಿಷದಲ್ಲಿ ಗೇಟ್ ದಾಟ್ತೀವಿ.

ಬ್ಯಾಗ್ ಒಂದಿದೆ, ಮುಂಬಾಗಿಲ ಪಕ್ಕದ ಮೊಳೇಲಿ, ಜೂನಿಂದ ಸೆಪ್ಟೆಂಬರ್ ಕೊನೆವರೆಗೂ ಅಲ್ಲೇ ನೇತಾಡುತ್ತೆ, ಅದರಿಂದ ಟಾರ್ಚ್ ತೆಗೆಯೋ ಹಾಗಿಲ್ಲ ಯಾರೂ. ಒಳಗೆ ಜಿಪ್ ಕವರಲ್ಲಿ ಕಾಗದ ಪತ್ರ, ಕ್ರಯಪತ್ರದ ಅಸಲು ಬ್ಯಾಂಕ್ ಲಾಕರಲ್ಲಿದೆ, ಇಲ್ಲಿರೋದು ಜೆರಾಕ್ಸ್. ಆಧಾರ್, ಮಾರ್ಕ್ಸ್ ಕಾರ್ಡು ಡಿಜಿಲಾಕರಲ್ಲೂ ಇದೆ. ಕಾಗದ ಹೋದ್ರೆ ಏನಾಗುತ್ತೆ ಅಂತ ನಮ್ಮನ್ನ ಕೇಳಿ, ಪಹಣಿ ರೇಷನ್ ಕಾರ್ಡು ಬೇಗ ಸಿಕ್ತು, ಆದ್ರೆ ಮಗಳ ಒಂದು ಮಾರ್ಕ್ಸ್ ಕಾರ್ಡಿಗೆ ಒಂದು ಕಚೇರಿಗೆ ತಿಂಗಳುಗಟ್ಟಲೆ ಅಲೆದ್ವಿ, ಪ್ರತಿ ಸಲ ಮನೆ ಬಿದ್ದ ಕಥೆ ಮೊದಲಿಂದ ಹೇಳ್ಬೇಕು, ಹೇಳೋವಾಗ ಅಳು ಬರ್ತಿತ್ತು. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಹೊಳೆಯಲ್ಲ, ಮಳೆಗಾಲಕ್ಕೆ ಮುಂಚೆ ಮನೆಯನ್ನ ನಾಲ್ಕೂ ದಿಕ್ಕಿಂದ, ಕೊಟ್ಟಿಗೆ, ಹಸು, ಒಳಗಿನ ಸಾಮಾನು ಎಲ್ಲಾ ಫೋನಲ್ಲಿ ಫೋಟೋ ತೆಗೆದು ಹೊರಗಿರೋ ಒಬ್ಬ ನೆಂಟರಿಗೆ ವಾಟ್ಸಾಪಲ್ಲಿ ಕಳಿಸಿಡಿ. ಆಮೇಲೆ ಪರಿಹಾರಕ್ಕೆ ಅಂತ ಸರ್ವೇಗೆ ಬಂದವರಿಗೆ ಇಲ್ಲೊಂದು ಕೋಣೆ ಇತ್ತು ಅಂತ ಮಣ್ಣಿನ ರಾಶಿ ತೋರಿಸಿ ನಂಬಿಸೋದು ತುಂಬಾ ಕಷ್ಟ.

ಮಾತ್ರೆ ಎರಡು ವಾರದ್ದು, ಬಿಪಿದು ಶುಗರಿಂದು, ಡಾಕ್ಟರ್ ಚೀಟಿ ಫೋಟೋ ಸಮೇತ. ಇನ್ಸುಲಿನ್ ಬಗ್ಗೆ ನಮಗೆ ದೊಡ್ಡ ಭಯ ಇತ್ತು, ಕರೆಂಟ್ ಇಲ್ಲದಿದ್ರೆ ಕೆಟ್ಟೇ ಹೋಗುತ್ತೆ ಅಂತ, ಆಮೇಲೆ ಡಾಕ್ಟರ್ ಹೇಳಿದ್ರು ಬಳಸೋಕೆ ಶುರು ಮಾಡಿದ ಬಾಟ್ಲಿ ಸಾಮಾನ್ಯವಾಗಿ ನಾಲ್ಕು ವಾರ ಹೊರಗೇ ಇಡಬಹುದು, ನಿಮ್ಮ ಆ ಚಳೀಲಿ ಏನೂ ಆಗಲ್ಲ, ಒಲೆ ಪಕ್ಕ ಮಾತ್ರ ಇಡ್ಬೇಡಿ ಅಂತ. ಶಿಬಿರದಲ್ಲಿ ಅತ್ತೆಗೆ ಮೂರನೇ ದಿನ ಇನ್ಸುಲಿನ್ ಸಿಕ್ಕಿದ್ದು, ಅಷ್ಟರಲ್ಲಿ ಅವರು ಎದ್ದು ಕೂರೋ ಸ್ಥಿತೀಲಿರ್ಲಿಲ್ಲ. ಅದಕ್ಕೇ ಈ ವಿಷಯದಲ್ಲಿ ನಾನು ಹಠ ಮಾಡ್ತೀನಿ. ಶುಗರ್ ಇರೋ, ಡಯಾಲಿಸಿಸ್ ಇರೋ, ಬಸುರಿ ಬಾಣಂತಿ ಇರೋ ಮನೆಯವರು ಬೇರೆಯವರಿಗಿಂತ ಒಂದು ದಿನ ಮೊದಲೇ ಹೊರಡ್ಬೇಕು.

ಊಟಕ್ಕೆ ಅವಲಕ್ಕಿ, ಬೆಲ್ಲ, ಹುರಿಗಡಲೆ, ಬಿಸ್ಕೆಟ್, ಬೇಯಿಸೋ ಕೆಲಸ ಇಲ್ಲದ್ದು. ಕುಡಿಯೋ ನೀರು ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಲೆಕ್ಕ, ಸುತ್ತ ಎಲ್ಲಾ ನೀರೇ ಇದ್ರೂ ಕುಡಿಯೋಕೆ ಒಂದು ಲೋಟ ಇರಲ್ಲ ಆ ಹೊತ್ತಿಗೆ. ಭೇದಿ ಶುರುವಾದ್ರೆ ಒಂದು ಲೀಟರ್ ಕಾದಾರಿದ ನೀರಿಗೆ ಆರು ಚಮಚ ಸಕ್ಕರೆ ಅರ್ಧ ಚಮಚ ಉಪ್ಪು, ಟೀ ಚಮಚದಲ್ಲಿ ಮಟ್ಟ ಮಾಡಿ ಹಾಕ್ಬೇಕು, ರಾಶಿ ಅಲ್ಲ. ನೀರು ಇಳಿದ ಮೇಲೆ ಮನೆ ತೊಳೆಯೋಕೆ ಬರಿಗಾಲಲ್ಲಿ ಇಳೀಬೇಡಿ, ಕಾಲಲ್ಲಿ ಗಾಯ ಇದ್ರೆ ಇಲಿ ಜ್ವರ ಹತ್ತೋದು ಆಗಲೇ, ಹಾವುಗಳೂ ಒಣ ಜಾಗ ಹುಡುಕ್ಕೊಂಡು ಮನೆ ಸೇರಿರ್ತವೆ. ಕಚ್ಚಿದ್ರೆ ಕೊಯ್ಯೋದು ಬಿಗಿಯಾಗಿ ಕಟ್ಟೋದು ಯಾವುದೂ ಬೇಡ, ಅಲುಗಾಡಿಸದೆ ಸೀದಾ ಆಸ್ಪತ್ರೆಗೆ.

ಹೊರಡೋವಾಗ ಗ್ಯಾಸ್ ರೆಗ್ಯುಲೇಟರ್ ಆಫ್, ಮೇನ್ ಸ್ವಿಚ್ ಆಫ್, ನಿಂತ ನೀರಲ್ಲಿ ಕಾಲಿಟ್ಕೊಂಡು ಮಾತ್ರ ಮೇನ್ ಮುಟ್ಬಾರದು. ಹಸುಗೆ ಈಗ ಹುರಿ ಗಂಟು ಇಲ್ಲ, ಒಂದು ಕೈಯಲ್ಲಿ ಬಿಡಿಸೋ ಕೊಂಡಿ ಹಾಕ್ಸಿದ್ದೀವಿ. ನಾಯಿ ಚೈನೂ ಹಾಗೇ. ಕಟ್ಟಿದ ಪ್ರಾಣಿಯನ್ನ ಬಿಟ್ಟು ಹೋಗೋದಕ್ಕಿಂತ ದೊಡ್ಡ ಪಾಪ ಇಲ್ಲ ಅಂತಾರೆ ಅತ್ತೆ. ಫೋನ್ ನಂಬರ್‌ಗಳು ಫೋನಲ್ಲಿದ್ರೆ ಸಾಲದು, ಚಾರ್ಜ್ ಹೋದ್ರೆ ಗಂಡನ ನಂಬರೂ ನೆನಪಿರಲ್ಲ, ಕಾಗದದಲ್ಲಿ ಬರೆದು ಒಂದು ಬಾಗಿಲ ಹಿಂದೆ, ಒಂದು ಮಗಳ ಬ್ಯಾಗಲ್ಲಿ. ತುರ್ತಿಗೆ 112, ಜಿಲ್ಲಾ ಕಂಟ್ರೋಲ್ ರೂಮಿಗೆ 1077, ಆಂಬುಲೆನ್ಸಿಗೆ 108, ಕರೆಂಟ್ ತಂತಿ ಬಿದ್ರೆ 1912, ಗ್ಯಾಸ್ ಸೋರಿದ್ರೆ 1906. ಸೆಲ್ ಹಾಕೋ ಸಣ್ಣ ರೇಡಿಯೋ ಒಂದು ತಂದಿಟ್ಟಿದ್ದೀವಿ, ಟವರ್‌ಗಳ ಡೀಸೆಲ್ ಮುಗಿದ ಮೇಲೂ ಅದು ಮಾತಾಡುತ್ತೆ.

ಇಷ್ಟೆಲ್ಲ ಹೇಳೋವಾಗ ಒಂದು ವಿಷಯ ನನ್ನ ಮನಸ್ಸಿಗೆ ತುಂಬಾ ಚುಚ್ಚುತ್ತೆ, ಅದು ಲೈನ್ ಮನೆಗಳದ್ದು, ಅಂದ್ರೆ ತೋಟದ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಮನೆಗಳದ್ದು. ಈಗ ತೋಟಗಳಲ್ಲಿ ಕೆಲಸ ಮಾಡೋರಲ್ಲಿ ಅಸ್ಸಾಂ ಕಡೆಯವರು ಎಷ್ಟು ಜನ ಇದ್ದಾರೆ ನೋಡಿ. ಅವರಿಗೆ ಈ ಬೆಟ್ಟ ಗೊತ್ತಿಲ್ಲ, ಈ ಮಳೆ ಗೊತ್ತಿಲ್ಲ, ಕನ್ನಡದಲ್ಲಿ ಮೈಕ್ ಕೂಗ್ಕೊಂಡು ಹೋದ್ರೆ ಅರ್ಥ ಆಗಲ್ಲ, ಹೋಗೋಕೆ ನಾದಿನಿ ಮನೆ ಇಲ್ಲ. ಲೈನ್ ಮನೆಗಳು ಬೇರೆ ಎಷ್ಟೋ ಕಡೆ ತೋಟದ ತಗ್ಗಲ್ಲಿ, ತೋಡಿನ ಪಕ್ಕದಲ್ಲೇ ಇರ್ತವೆ. ಹೋದ ವರ್ಷ ನಾನು ಪಕ್ಕದ ತೋಟದ ಒಂದು ಹೆಣ್ಣುಮಗಳಿಗೆ ನನಗೆ ಬರೋ ಹರಕು ಹಿಂದೀಲಿ ಬಿರುಕು, ಕೆಂಪು ನೀರು ಅಂತೆಲ್ಲ ತೋರಿಸಿ ಹೇಳಿದೆ, ಅವಳು ಮಗುನ ಸೊಂಟದಲ್ಲಿ ಇಟ್ಕೊಂಡು ಅಷ್ಟೂ ಕೇಳಿ ಕೊನೆಗೆ ಕೇಳಿದ್ದು ಒಂದೇ, ರಾತ್ರಿ ಆದ್ರೆ ಯಾರ ಮನೆ ಬಾಗಿಲು ತಟ್ಟೋದು ಅಂತ. ನಮ್ಮ ಮನೆದು ಅಂದೆ. ತೋಟದ ಮಾಲೀಕರು ದಯವಿಟ್ಟು ಇದನ್ನ ಓದಿ, ನಿಮ್ಮ ಮನೆ ತೀರ್ಮಾನ ಮಾಡೋವಾಗ ಲೈನ್ ಮನೆಯವರ ತೀರ್ಮಾನಾನೂ ಅದೇ ದಿನ ಮಾಡಿ, ಅವರು ಹೊತ್ತು ಗೊತ್ತಿಲ್ಲದೆ ಬಂದು ಸೇರೋಕೆ ಎತ್ತರದಲ್ಲಿರೋ ಗೋದಾಮಿನ ಬೀಗದ ಕೀ ಅವರಲ್ಲೊಬ್ಬರ ಕೈಗೆ ಕೊಡಿ.

ಬೇರೆ ಊರಿನವರು ಇದು ಕೊಡಗಿನ ಕಥೆ ಅಂದ್ಕೋಬೇಡಿ. ಕೃಷ್ಣಾ, ಮಲಪ್ರಭಾ, ಘಟಪ್ರಭಾ ದಂಡೇಲಿ 2019ರಲ್ಲಿ ಊರಿಗೆ ಊರೇ ಮುಳುಗಿದ್ವು, ಅಲ್ಲಿ ಡ್ಯಾಂ ನೀರು ಬಿಡೋ ಸುದ್ದಿನೇ ನಿಮ್ಮ ಬಿರುಕು, ಅದು ಬಂದ ಕೂಡ್ಲೇ ದನ ಕರು ಕಾಳು ಕಡ್ಡಿ ಎತ್ತರಕ್ಕೆ ಹೋಗ್ಬೇಕು. ಬೆಂಗಳೂರಲ್ಲಿ 2022ರ ಸೆಪ್ಟೆಂಬರಲ್ಲಿ ಔಟರ್ ರಿಂಗ್ ರೋಡ್ ಕಡೆಯವರನ್ನ ಟ್ರ್ಯಾಕ್ಟರಲ್ಲಿ ಸಾಗಿಸಿದ್ದನ್ನ ಎಲ್ಲರೂ ನೋಡಿದ್ದೀವಿ. ಬಯಲುಸೀಮೇಲಿ ಮುಂಗಾರಿಗೆ ಮುಂಚಿನ ಸಿಡಿಲಿಗೆ ಹೊಲದಲ್ಲಿ ಮರದಡಿ ನಿಂತವರು ಹೋಗ್ತಾರೆ, ದಾಮಿನಿ ಅಂತ ಒಂದು ಆ್ಯಪ್ ಇದೆ, ಸುತ್ತ ಎಲ್ಲಿ ಸಿಡಿಲು ಬೀಳ್ತಿದೆ ಅಂತ ತೋರಿಸುತ್ತೆ, ಮನೇಲಿ ಓದಿದ ಮಕ್ಕಳು ಅಪ್ಪನ ಫೋನಿಗೆ ಹಾಕಿಕೊಡಿ. ಊರು ಯಾವುದಾದ್ರೂ ಕೂತು ಮಾತಾಡಿ ಬರೆದಿಡೋ ಕೆಲಸ ಒಂದೇ.

ಈಗ ನಿಮ್ಮಲ್ಲಿ ಒಂದು ಕೋರಿಕೆ ಸಂಪಾದಕರೇ. ಮಳೆಗಾಲದಲ್ಲಿ ಪತ್ರಿಕೇಲಿ ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಅಂತ ದಿನಾ ಬರುತ್ತೆ. ನಮ್ಮ ಊರಲ್ಲಿ ಜನ ಅದನ್ನ ಓದಿ ನಾಳೆ ಶಾಲೆಗೆ ರಜಾ ಇದೆಯಾ ಅಂತ ಮಾತ್ರ ನೋಡ್ತಾರೆ. ಹಳದಿ ಅಂದ್ರೆ ಗಮನ ಇಡಿ, ಆರೆಂಜ್ ಅಂದ್ರೆ ಸಿದ್ಧರಾಗಿ, ಕೆಂಪು ಅಂದ್ರೆ ಈಗಲೇ ಕ್ರಮ ತಗೊಳ್ಳಿ ಅಂತ ಹವಾಮಾನ ಇಲಾಖೆಯೇ ಹೇಳುತ್ತೆ, ಅಂದ್ರೆ ಬ್ಯಾಗ್ ಕಟ್ಟೋಕೆ ಕೆಂಪು ಬರೋವರೆಗೆ ಕಾಯೋ ಹಾಗೇ ಇಲ್ಲ, ಅದು ಎಷ್ಟು ಮನೆಗಳಿಗೆ ಗೊತ್ತು. ಮಳೆಯನ್ನೂ ನೀವು ಮಿಲಿಮೀಟರಲ್ಲೇ ಹಾಕ್ತೀರಿ, ನಮ್ಮ ಮಾವನ ವಯಸ್ಸಿನವರಿಗೆ 115 ಮಿಲಿಮೀಟರ್ ಅಂದ್ರೆ ತಲೆಗೇ ಹೋಗಲ್ಲ, ನಾಲ್ಕೂವರೆ ಇಂಚು ಅಂದ್ರೆ ಕೂತಲ್ಲಿಂದ ಏಳ್ತಾರೆ. 24 ಗಂಟೇಲಿ 64.5 ಮಿಲಿಮೀಟರ್ ಅಂದ್ರೆ ಎರಡೂವರೆ ಇಂಚು ದಾಟಿದ್ರೆ ಭಾರಿ ಮಳೆ, 115.6 ಅಂದ್ರೆ ನಾಲ್ಕೂವರೆ ಇಂಚಿನಿಂದ ಅತಿ ಭಾರಿ, 204.4 ಅಂದ್ರೆ ಎಂಟು ಇಂಚು ದಾಟಿದ್ರೆ ಅದಕ್ಕೂ ಮೇಲೆ. ಇದನ್ನೂ ಮೇಲಿನ ನಂಬರ್‌ಗಳನ್ನೂ ಸೇರಿಸಿ ಜೂನ್ ಮೊದಲ ವಾರ ಒಂದು ಚೌಕದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿ, ಕೊಡಗು ಹಾಸನ ಚಿಕ್ಕಮಗಳೂರಿನ ಆವೃತ್ತೀಲಿ ಇಂಚೂ ಇರ್ಲಿ, ಪಕ್ಕದಲ್ಲಿ ನಾಲ್ಕು ಸಾಲು ಹಿಂದೀಲಿ ಇದ್ರೆ ಲೈನ್ ಮನೆಗಳಿಗೂ ಅಂಟಿಸಬಹುದು. ಕತ್ತರಿಸಿ ಬಾಗಿಲ ಹಿಂದೆ ಅಂಟಿಸೋ ಅಳತೇಲಿ ಇರ್ಲಿ. ನಮ್ಮ ಮನೆ ಬಾಗಿಲ ಹಿಂದೆ ಮಗಳು ಪೆನ್ನಲ್ಲಿ ಬರೆದಿದ್ದು ಇದೆ, ಹೋದ ಮಳೆಗಾಲದ ಥಂಡಿಗೆ ಅದರ ಮಸಿ ಹರಡಿ ಹೋಗಿದೆ, 1077ರ ಕೊನೇ 7 ಕಾಣಲ್ಲ.

ಇಂತಿ,
ಮಡಿಕೇರಿ ತಾಲೂಕಿನ ಒಬ್ಬ ಗೃಹಿಣಿ, ನಿಮ್ಮ ಪತ್ರಿಕೆಯ ಓದುಗಾರ್ತಿ